ಸಾಹೇಬರ ಸೊಂಟದ ಗಂಟೆ

"ನೋಡ್ತಿರು, ಇವತ್ತು ಗಂಟೆ ಹೊಡೆದಿದ್ದೇ ತಡ, ಇಡೀ ಫ್ಯಾಕ್ಟರಿ ಖಾಲಿ! ಒಳಗೆ ಒಂದು ನೊಣ ಉಳಿದಿದ್ರೆ ನನ್ನ ಹೆಸರು ಬದಲಾಯಿಸು!"

"ಅದನ್ನ ಜನ ಯಾವಾಗ್ಲೋ ಬದಲಾಯ್ಸಿ ಆಗಿದೆ. ಮೊದ್ಲು ತಿಂಡಿ ಮುಗಿಸ್ರೀ," ಅಂದರು ಹೆಂಡತಿ.

ಮಾತು ಸುಳ್ಳಲ್ಲ. ರಟ್ಟಿನ ಡಬ್ಬಿ ಮಾಡುವ ಫ್ಯಾಕ್ಟರಿಯ ಸುರಕ್ಷತಾ ಅಧಿಕಾರಿಯಾದ ಇವರು ಮೆಟ್ಟಿಲು ಹತ್ತುವವರಿಗೆ "ಜಾಗ್ರತೆ!" ಅನ್ನುತ್ತಿದ್ದರು, ಇಳಿಯುವವರಿಗೆ "ಜಾಗ್ರತೆ!" ಅನ್ನುತ್ತಿದ್ದರು, ಸುಮ್ಮನೆ ಕೂತವರನ್ನೂ ಬಿಡದೆ "ಕುರ್ಚಿ ಜಾಗ್ರತೆ!" ಅನ್ನುತ್ತಿದ್ದರು. ಹೆತ್ತವರಿಟ್ಟ ಹೆಸರು ಎಲ್ಲೋ ಮೂಲೆ ಸೇರಿ 'ಜಾಗ್ರತೆ ಸಾಹೇಬರು' ಅನ್ನುವುದೇ ಖಾಯಂ ಆಗಿತ್ತು.

ಈ ಜಾಗ್ರತೆಯ ಅವತಾರಪುರುಷರಿಗೆ ಸಕ್ಕರೆ ಕಾಯಿಲೆ. ಸೊಂಟಕ್ಕೊಂದು ಇನ್ಸುಲಿನ್ ಪಂಪು, ಅದರಿಂದ ಹೊಟ್ಟೆಗೊಂದು ಸಣ್ಣ ಕೊಳವೆ. ಸಕ್ಕರೆ ಇಳಿದರೆ ಟೀಂ ಟೀಂ, ಔಷಧಿ ಮುಗಿಯುತ್ತ ಬಂದರೆ ಟೀಂ ಟೀಂ, ಬ್ಯಾಟರಿ ಸೊರಗಿದರೂ ಟೀಂ ಟೀಂ! ಅದಕ್ಕೆ ಹೊತ್ತು ಗೊತ್ತಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಕ್ಷೌರದಂಗಡಿಯಲ್ಲಿ ಕೂಗಿದಾಗ ಕ್ಷೌರಿಕ ಕತ್ತರಿ ಕೆಳಗಿಟ್ಟು "ನಾನೇನೂ ಮಾಡಿಲ್ಲ ಸ್ವಾಮಿ" ಎಂದು ಕೈಮುಗಿದಿದ್ದ. ಲಿಫ್ಟಿನಲ್ಲಿ ಕೂಗಿದಾಗ, ಭಾರ ಹೆಚ್ಚಾಯಿತೆಂದುಕೊಂಡು ಸ್ವಲ್ಪ ದಪ್ಪಗಿದ್ದವರೊಬ್ಬರು ತಾವಾಗಿಯೇ ಇಳಿದುಹೋಗಿದ್ದರು.

"ಫ್ಯಾಕ್ಟರೀಲಿ ಒಬ್ಬರಿಗಾದ್ರೂ ಹೇಳಿಡಿ ಅಂತ ಬಡ್ಕೋತಾನೇ ಇದ್ದೀನಿ. ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ?"

"ಹೇಳಿದ್ರೆ ಮುಗೀತು ನನ್ನ ಕಥೆ! 'ತನ್ನ ಮೈ ಕಾಯೋಕಾಗ್ದೋನು ಫ್ಯಾಕ್ಟರಿ ಏನು ಕಾಯ್ತಾನೆ' ಅಂತ ನಾಳೆನೇ ಕುರ್ಚಿ ಕಿತ್ಕೋತಾರೆ. ಇಷ್ಟು ದಿನ ಒಂದು ಪಿಳ್ಳೆಗೂ ಗೊತ್ತಾಗದ ಹಾಗೆ ನಿಭಾಯಿಸಿಲ್ವೇನೇ? ಕೂಗಿದ ತಕ್ಷಣ ಬಾತ್‌ರೂಮು, ಗುಂಡಿ ಒತ್ತಿದ್ರೆ ಗಪ್‌ಚುಪ್!"

ಹೆಂಡತಿ ಒಳಗೊಳಗೇ ನಕ್ಕು ತಟ್ಟೆಯನ್ನು ಅವರ ಮುಂದಕ್ಕೆ ತಳ್ಳಿದರು. ಸಾಹೇಬರು ಇಡೀ ತಿಂಡಿಗೆ ಬೇಕಾಗುವಷ್ಟು ಇನ್ಸುಲಿನ್ ಆಗಲೇ ಪಂಪಿನಿಂದ ಬಿಟ್ಟುಕೊಂಡಿದ್ದರು. ಅರ್ಧ ತಿಂದು, ಹೊತ್ತಾಯಿತೆಂದು ತಟ್ಟೆ ಸರಿಸಿ ಓಡಿದರು. ಮೇಲಿನ ಕಚೇರಿಯಿಂದ ಇನ್ಸ್‌ಪೆಕ್ಟರು ಬರುವ ದಿನ ಅದು. ಬೆಂಕಿ ಬಿದ್ದಾಗ ಹೊರಗೋಡುವ ಅಭ್ಯಾಸದ ಡ್ರಿಲ್ ಕೈಕೊಟ್ಟರೆ ಕುರ್ಚಿಗೆ ಎಳ್ಳುನೀರೇ!

ಫ್ಯಾಕ್ಟರಿಯ ಬಗ್ಗೆ ಸಾಹೇಬರಿಗೆ ಒಂದೇ ಒಂದು ಚಿಂತೆ ಇತ್ತು. ಅಲ್ಲಿಯವರಿಗೆ ಕೆಮ್ಮು ಜಾಸ್ತಿ. ಅದೂ ವಿಚಿತ್ರದ ಕೆಮ್ಮು, ಒಬ್ಬರಿಗೆ ಬಂದರೆ ಎಲ್ಲರಿಗೂ ಒಟ್ಟಿಗೇ ಬರುತ್ತಿತ್ತು. ಅಂಟಿನ ವಾಸನೆ ಇರಬೇಕು, ಕಾಗದದ ಧೂಳಿರಬೇಕು ಎಂದು ಸಾಹೇಬರು ಮುಖಗವಸು ಹಂಚಿದ್ದರು. ಗೋಡೆ ಒಡೆಸಿ ದೊಡ್ಡ ಫ್ಯಾನು ಕೂರಿಸಿದ್ದರು. ಕೆಮ್ಮು ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

ಇನ್ಸ್‌ಪೆಕ್ಟರು ಬಂದರು. ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟುಬಂದ ಮನುಷ್ಯ. ಕೈಯಲ್ಲಿ ಹೊತ್ತು ಅಳೆಯುವ ಗಡಿಯಾರ. ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಡಬ್ಬಿ ಮಡಚುತ್ತಿದ್ದರು.

"ಹೊಸ ಗಂಟೆ ಸಾರ್, ನಿನ್ನೆ ಸಂಜೆ ಹಾಕಿಸಿದ್ದು," ಸಾಹೇಬರು ಪಿಸುಗುಟ್ಟಿದರು. "ಹಳೇ ಸೈರನ್ ಅರಚಿದಾಗ ನಮ್ಮ ಲೆಕ್ಕದವರು ಕುರ್ಚಿಯಿಂದಲೇ ಉರುಳಿಬಿಟ್ಟಿದ್ರು. ಇದು ಹಾಗಲ್ಲ, ಮೊದಲು ಮೆತ್ತಗೆ ಶುರುವಾಗುತ್ತೆ. ನಾನೇ ಖುದ್ದಾಗಿ ಆರಿಸಿದ್ದು!"

"ಒತ್ತಿ," ಅಂದರು ಇನ್ಸ್‌ಪೆಕ್ಟರು.

ಒತ್ತಿದರು.

ಟೀಂ ಟೀಂ ಟೀಂ!

ಸಾಹೇಬರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಯ್ಯೋ, ಇದೇನು ಈಗಲೇ? ಮುಟ್ಟಿ ನೋಡಿದರೆ ಪಂಪು ತಣ್ಣಗೆ ಮಲಗಿದೆ! ಕೂಗುತ್ತಿರುವುದು ಗೋಡೆ!

ಉಸಿರು ಬಿಟ್ಟು ತಲೆ ಎತ್ತಿದವರು ಹೌಹಾರಿದರು. ಒಬ್ಬರೂ ಕದಲಿರಲಿಲ್ಲ! ಬದಲಿಗೆ ಅಂಟು ಹಚ್ಚುವ ಅಂಟಕ್ಕ "ಖೊಕ್" ಅಂದರು. ಮೇಸ್ತ್ರಿ "ಖೊಕ್ ಖೊಕ್" ಅಂದರು. ನೋಡನೋಡುತ್ತಿದ್ದಂತೆ ಇಡೀ ಹಾಲಿಗೆ ಹಾಲೇ ಕೆಮ್ಮತೊಡಗಿತು. ಗಂಟೆ ಜೋರಾಯಿತು, ಕೆಮ್ಮೂ ಜೋರಾಯಿತು!

"ಏನ್ರೀ ಇದು?" ಇನ್ಸ್‌ಪೆಕ್ಟರ ಕಣ್ಣು ಗುಂಡಗಾಯಿತು.

"ಏಳ್ರಪ್ಪಾ! ಬೆಂಕಿ ಗಂಟೆ ಅದು! ಓಡ್ರಿ!" ಸಾಹೇಬರು ಕಿರುಚಿದರು.

ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ ಕಣ್ಣು ಮಿಟುಕಿಸಿದರು. "ಆಯ್ತು ಸಾರ್. ಬೆಂಕಿ ಗಂಟೆ ಅಂತಾನೇ ಇಟ್ಕೊಳ್ಳೋಣ."

"ಇಟ್ಕೊಳ್ಳೋದೇನ್ರೀ? ಅದೇ ಕಣ್ರೀ! ನಂದಲ್ಲ!"

"ನಿಮ್ಮದು ಅಂತ ನಾವೆಲ್ಲಿ ಅಂದ್ವಿ ಸಾರ್?"

"ಸಾಹೇಬ್ರೇ," ಅಂಟಕ್ಕ ತಾಯಿಯ ಹಾಗೆ ಅಂದರು, "ನೀವು ಬಾತ್‌ರೂಮಿಗೆ ಹೋಗ್ಬನ್ನಿ. ಇವರನ್ನ ನಾವು ಮಾತಾಡಿಸ್ತಿರ್ತೀವಿ."

ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅಂದರೆ ಇವರಿಗೆ... ಗೊತ್ತು! ಎಲ್ಲರಿಗೂ ಗೊತ್ತು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಊರೆಲ್ಲ ಸುತ್ತ ನಿಂತು ನೋಡುತ್ತಿತ್ತು! ಇನ್ಸ್‌ಪೆಕ್ಟರು ಗೋಡೆಯ ಗಂಟೆಯನ್ನು ತಾವೇ ನಿಲ್ಲಿಸಿ, "ಇಂಥಾ ಡ್ರಿಲ್ ನನ್ನ ಸರ್ವೀಸಿನಲ್ಲೇ ಕಂಡಿಲ್ಲ," ಅಂದರು. ಹೊಗಳಿಕೆಯಂತೂ ಅಲ್ಲ.

"ಸಾರ್, ಒಂದ್ನಿಮಿಷ, ನಾನು ಹೇಳೋದು..."

ಮಾತು ಮುಂದಕ್ಕೆ ಹೋಗಲಿಲ್ಲ. ಹಣೆಯಲ್ಲಿ ಬೆವರೊಡೆಯಿತು, ಕಣ್ಣು ಮಂಜಾಯಿತು. ಅರ್ಧಕ್ಕೆ ಬಿಟ್ಟ ತಿಂಡಿ ಸಕ್ಕರೆ ಇಳಿಸಿ ಸೇಡು ತೀರಿಸಿಕೊಳ್ಳತೊಡಗಿತ್ತು.

ಟೀಂ ಟೀಂ ಟೀಂ!

ಈ ಸಲ ಗೋಡೆಯಲ್ಲ. ಹಾಲಿನವರು ಅಭ್ಯಾಸಬಲದಿಂದ ಮತ್ತೆ ಕೆಮ್ಮಲು ಬಾಯಿ ತೆರೆದರು. ಅಷ್ಟರಲ್ಲಿ ಅಂಟಕ್ಕ ಸಾಹೇಬರ ಮುಖ ನೋಡಿ ಕೂಗಿದರು: "ಕೆಮ್ಮೋದು ನಿಲ್ಸಿ! ಬೆವರ್ತಿದ್ದಾರೆ!"

ಆಗ ನೋಡಬೇಕಿತ್ತು! ಯಂತ್ರಗಳು ಗಪ್ಪನೆ ನಿಂತವು. ಸಾಹೇಬರು ಬೀಳುವ ಮೊದಲೇ ಕೆಳಗೆ ಕುರ್ಚಿ ಬಂದಿತ್ತು. ಅಂಟಕ್ಕನ ಡ್ರಾಯರಿನಿಂದ ಜ್ಯೂಸಿನ ಪೊಟ್ಟಣ ಹೊರಟು, ಕೈಯಿಂದ ಕೈಗೆ ಹಾರಿ, ಹೀರುವ ಸ್ಟ್ರಾ ಚುಚ್ಚಿಸಿಕೊಂಡೇ ಸಾಹೇಬರ ತುಟಿ ಮುಟ್ಟಿತು. ಒಬ್ಬರು ಕಿಟಕಿ ತೆರೆದರು, ಒಬ್ಬರು ದಾರಿ ಬಿಡಿಸಿದರು. ಮೇಸ್ತ್ರಿ ಆಗಲೇ ಫೋನಿನಲ್ಲಿದ್ದರು. ನೂಕುನುಗ್ಗಲಿಲ್ಲ, ಗಲಾಟೆಯಿಲ್ಲ! ಇನ್ಸ್‌ಪೆಕ್ಟರು ತಮಗೇ ತಿಳಿಯದೆ ಗಡಿಯಾರ ಒತ್ತಿದ್ದರು. ಅದನ್ನು ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

"ಇಷ್ಟು ಬೇಗಾನಾ! ಯಾರ್ರೀ ನಿಮಗೆ ತರಬೇತಿ ಕೊಟ್ಟಿದ್ದು?"

"ಅಮ್ಮಾವ್ರು ಸಾರ್. ಸಾಹೇಬ್ರ ಮನೆಯವ್ರು," ಅಂದರು ಮೇಸ್ತ್ರಿ. "ಇವರು ಪಂಪು ಹಾಕಿಸ್ಕೊಂಡ ಮೊದಲನೇ ವಾರವೇ ಬಂದಿದ್ರು. ಸಾಹೇಬ್ರು ಆವತ್ತು ಛಾವಣಿ ಮೇಲೆ ಮರಳಿನ ಬಕೆಟ್ ಎಣಿಸ್ತಿದ್ರು. 'ಕೂಗಿದ್ರೆ ಕೆಮ್ಮಿ, ಅವರ ಮಾನ ಉಳಿಸಿ. ಬಾತ್‌ರೂಮಿಂದ ಬರೋದು ಹೊತ್ತಾದ್ರೆ ಬಾಗಿಲು ತಟ್ಟಿ. ಬೆವರಿದ್ರೆ ಮಾತ್ರ ಮಾನ ಗೀನ ನೋಡ್ಬೇಡಿ, ಜ್ಯೂಸ್ ಕುಡಿಸಿ' ಅಂತ ಹೇಳ್ಕೊಟ್ರು. ತಿಂಗಳಿಗೊಂದ್ಸಲ, ಇವರು ಬಕೆಟ್ ಎಣಿಸೋ ದಿನ, ಬಂದು ಪರೀಕ್ಷೇನೂ ಮಾಡ್ತಾರೆ."

ಸಾಹೇಬರು ಜ್ಯೂಸು ಹೀರುತ್ತ ಪಿಳಿಪಿಳಿ ಕಣ್ಣು ಬಿಟ್ಟರು. ನಾಚಿಕೆ ಆಯಿತು, ಸಿಟ್ಟು ಬಂತು. ಇವೆರಡನ್ನೂ ಹಿಂದೆ ಹಾಕಿ ಕಣ್ಣಲ್ಲಿ ನೀರೇ ಬಂತು. ತಾನು ಇಷ್ಟು ದಿನ ಇವರನ್ನೆಲ್ಲ ಕಾಯುತ್ತಿದ್ದೇನೆಂದು ಬೀಗಿದ್ದೇ ಬಂತು! ಅಷ್ಟರಲ್ಲಿ ಮೇಸ್ತ್ರಿಯ ಫೋನಿನಿಂದ ಹೆಂಡತಿಯ ದನಿ: "ರೀ, ತಿಂಡಿ ಅರ್ಧ ಬಿಟ್ಟು ಹೋದ್ರಲ್ಲ, ಈಗ ಗೊತ್ತಾಯ್ತಾ?"

ಇನ್ಸ್‌ಪೆಕ್ಟರು ಫೋನು ಕೈಗೆ ತೆಗೆದುಕೊಂಡರು. "ಮೇಡಂ, ಕುರ್ಚಿ ನಿಮ್ಮೋರಿಗೇ ಇರ್ಲಿ. ಸೊಂಟದಲ್ಲಿ ಏನಿದ್ರೆ ನಮಗೇನು? ಆದ್ರೆ ಮುಂದಿನ ವಾರ ಮತ್ತೆ ಡ್ರಿಲ್. ಅದರ ತರಬೇತಿ ನೀವೇ ಕೊಡ್ಬೇಕು."

ಕೊಟ್ಟರು. ಸಾಹೇಬರು ಆ ವಾರವೆಲ್ಲ ಕೈಕಟ್ಟಿ ಮೊದಲ ಸಾಲಿನಲ್ಲಿ ಕೂತು ಪಾಠ ಕೇಳಿದರು. ಪಂಪನ್ನು ಅಂಗಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಸಿಕ್ಕಿಸಿಕೊಂಡರು. ಡ್ರಿಲ್ಲಿನ ದಿನ ತಿಂಡಿಯನ್ನು ತಟ್ಟೆ ನೆಕ್ಕುವ ಹಾಗೆ ತಿಂದರು.

ಟೀಂ ಟೀಂ ಟೀಂ!

ಒಂದು ಕೆಮ್ಮಿಲ್ಲ! ಡಬ್ಬಿ ಮಡಚುವವರು, ಅಂಟಕ್ಕ, ಮೇಸ್ತ್ರಿ, ಲೆಕ್ಕದವರು, ಎಲ್ಲರೂ ಸಾಲು ತಪ್ಪದೆ ಇಳಿದು ಗೇಟಿನ ಹೊರಗೆ ನಿಂತರು. ಇನ್ಸ್‌ಪೆಕ್ಟರು ಗಡಿಯಾರ ನೋಡಿ ಮೊಟ್ಟಮೊದಲ ಸಲ ನಕ್ಕರು.

"ಭೇಷ್ ಮೇಡಂ! ಒಳಗೆ ಯಾರೂ ಉಳಿದಿಲ್ಲ ತಾನೇ?"

ಹೆಂಡತಿ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಇನ್ನೊಮ್ಮೆ ಆಡಿಸಿದರು. ಆಮೇಲೆ ಹಣೆ ಚಚ್ಚಿಕೊಂಡರು.

"ನೊಣ ಒಂದೂ ಉಳಿದಿಲ್ಲ ಸಾರ್. ನಮ್ಮೋರು ಉಳಿದಿದ್ದಾರೆ."

ಅಷ್ಟರಲ್ಲಿ ಮೇಲಿನ ಬಾತ್‌ರೂಮಿನ ಕಿಟಕಿ ತೆರೆಯಿತು. ಜಾಗ್ರತೆ ಸಾಹೇಬರು ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈ ಹೊರಗೆ ಬೀಸುತ್ತ ಕೂಗಿದರು:

"ಯಾರೂ ಗಾಬರಿ ಆಗ್ಬೇಡಿ! ನೋಡ್ದೆ, ನಂದಲ್ಲ!"