ನನ್ನ ಸರ್ಕಾರಿ ಪೆಟ್ರೋಲು

ಉಪಕಾರ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಮಾಡಿದ ಮೇಲೆ ಗೊಣಗುವ ಆಸೆ ಅದಕ್ಕಿಂತ ದೊಡ್ಡದು. ನನಗಂತೂ ಗೊಣಗುವುದು ಹುಟ್ಟಿನಿಂದಲೇ ಬಂದದ್ದು. ಪೋಲಿಯೋ ಆಮೇಲೆ ಬಂತು.

ಎಡಗಾಲು ಹೀಗೆ ಸೋತದ್ದರಿಂದ ಸ್ಕೂಟರಿಗೆ ಹಿಂದೆ ಇನ್ನೆರಡು ಗಾಲಿ ಹಾಕಿಸಿಕೊಂಡು, ರೋಜಾ ಬಡಾವಣೆಯ ಮನೆಯಿಂದ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ. ನಮ್ಮಂಥವರಿಗೆ ಪೆಟ್ರೋಲಿನ ಮೇಲಿನ ತೆರಿಗೆ ವಾಪಸ್ ಸಿಗುತ್ತದೆಂದು ಯಾರೋ ಹೇಳಿದರು. ಅರ್ಜಿ ಹಾಕಿದೆ. ಹಾಕಿ ಸುಮ್ಮನಿದ್ದರೆ ಆಗುತ್ತಿತ್ತು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ. ಓಣಿ ಸುತ್ತುವಷ್ಟರಲ್ಲಿ ತೆರಿಗೆಯ ಮಾತು ಉದುರಿಹೋಗಿ, ನನ್ನ ಪೆಟ್ರೋಲೆಲ್ಲ ಸರ್ಕಾರದ್ದು ಎಂದಾಯಿತು.

ಅಲ್ಲಿಯವರೆಗೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. "ಪಾಪ, ಕಾಲು ಸರಿ ಇಲ್ಲ, ಅವಗ್ಯಾಕ ತ್ರಾಸ" ಎನ್ನುತ್ತಿದ್ದರು. ಈಗ "ಸರ್ಕಾರಿ ಪೆಟ್ರೋಲ್ ಅದಲ್ರೀ, ಸ್ಟೇಷನ್‌ತನಕ ಬಿಡ್ರಿ" ಎಂದು ಹಿಂದೆ ಕೂರತೊಡಗಿದರು. ಖಾಯಂ ಗಿರಾಕಿಯೆಂದರೆ ಓಣಿಗೆಲ್ಲ ಚಿಕ್ಕಮ್ಮನಾದ ಪಕ್ಕದ ಮನೆಯ ಜುಲೇಖಾ ಖಾಲಾ. ಅವರ ಮಗಳ ಮನೆ ಕಮಲಾಪುರದಲ್ಲಿ. ಹೆಂಗಸರಿಗೆ ಬಸ್ಸು ಪುಕ್ಕಟೆಯೇ, ಆದರೆ ಅವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲೆಂದರೆ ಪ್ರಾಣಸಂಕಟ. ಹಾಗಾಗಿ ಭಾನುವಾರ ನಾವಿಬ್ಬರೂ, ನಡುವೆ ಒಂದೇ ಒಂದು ಸರಿಯಾದ ಕಾಲನ್ನಿಟ್ಟುಕೊಂಡು, ಹೊರಡುತ್ತಿದ್ದೆವು. ದಾರಿಯುದ್ದಕ್ಕೂ ಅವರು ಅಳಿಯನನ್ನು ಬೈಯುತ್ತಿದ್ದರು, ನಾನು ಹೂಂಗುಡುತ್ತಿದ್ದೆ. ಮನೆಗೆ ಬಂದು ಹೆಂಡತಿಯ ಮುಂದೆ, ನಾನೇನು ಆಟೋದವನೇ ಎಂದು ಗೊಣಗುತ್ತಿದ್ದೆ. "ಮತ್ತ ಶನಿವಾರ ಸಂಜೀಗೇ ಗಾಡಿ ಯಾಕ ಒರಸಿ ಇಡ್ತೀರಿ?" ಎಂದು ಅವಳು ಕೇಳುತ್ತಿದ್ದಳು.

ಅರ್ಜಿ ಮಾತ್ರ ಯಾವುದೋ ಕಚೇರಿಯಲ್ಲಿ ಸುಖವಾಗಿ ಮಲಗಿತ್ತು. ಒಂದು ಮಧ್ಯಾಹ್ನ ಕಮಲಾಪುರದಿಂದ ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಂತೆ. ಮಗಳು ಕೊಟ್ಟ ಕೆಂಪು ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಖಾಲಾ, "ಟಾಕಿ ಪೂರಾ ತುಂಬಿಸು ಬೇಟಾ. ಸರ್ಕಾರದ್ದೇ ಅದಲ್ಲ?" ಎಂದರು. ಬಿಸಿಲು ನೆತ್ತಿಗೇರಿತ್ತು. "ಸರ್ಕಾರ ಇನ್ನೂ ಒಂದು ಪೈಸಾ ಕೊಟ್ಟಿಲ್ರೀ ಖಾಲಾ. ಇಷ್ಟು ದಿನ ಸುಟ್ಟಿದ್ದೆಲ್ಲ ನನ್ನ ಕಿಸೆದ್ದು" ಎಂದುಬಿಟ್ಟೆ. ಆ ದಿನ ಅಳಿಯನಿಗೂ ಬೈಗುಳ ತಪ್ಪಿತು.

ಮುಂದಿನ ಭಾನುವಾರ ಗಾಡಿ ಒರಸಿಕೊಂಡು ಕಾಯುತ್ತಿದ್ದೆ. ಖಾಲಾ ಚೀಲ ಹಿಡಿದು ಬಸ್ಸಿನ ಕಡೆಗೆ ಹೊರಟರು. "ಖಾಲಾ, ರೊಕ್ಕ ಮಂಜೂರಾಗ್ಯಾವ, ಬರ್ರಿ" ಎಂದು ಹಸಿ ಸುಳ್ಳು ಹೇಳಿದೆ.

"ಛಲೋ ಆತು ಬೇಟಾ. ಅದರಾಗ ಹೆಂಡ್ತೀನ ತಿರುಗಾಡಿಸ್ಕೊಂಡು ಬಾ. ನನಗ ಬಸ್ ಪುಕ್ಕಟ ಅದ" ಎಂದು ಮೊಣಕಾಲು ಹಿಡಿದುಕೊಂಡು ನಡೆದೇಬಿಟ್ಟರು.

ಪೆಟ್ರೋಲು ನನ್ನ ಕಿಸೆಯದೆಂಬ ಸುದ್ದಿ ಓಣಿಗೂ ಮುಟ್ಟಿದೆ. ಈಗ ಯಾರೂ ಹತ್ತುವುದಿಲ್ಲ. ಮತ್ತೆ "ಪಾಪ" ಎನ್ನುತ್ತಾರೆ. ಪೆಟ್ರೋಲಿನ ಖರ್ಚಿಗಿಂತ ಆ ಮಾತೇ ನನಗೆ ಹೆಚ್ಚು ನೋಯುತ್ತದೆ. ಹಿಂದಿನ ಭಾರ ಇಳಿದದ್ದರಿಂದ ಗಾಡಿಯೇನೋ ಒಳ್ಳೆ ಮೈಲೇಜು ಕೊಡುತ್ತಿದೆ. ಅದಕ್ಕೂ ಗೊಣಗೋಣವೆಂದರೆ, ಕೇಳಿಸಿಕೊಳ್ಳಲು ಹಿಂದೆ ಯಾರೂ ಕೂತಿಲ್ಲ.