ಪುಗ್ಗಾ ತೋಳು, ಬಾಲದ ಕಾಡಿಗಿ

ಸಿಂದಗಿಯೊಳಗ ಜಂಪರ ಹೊಲಿಯೋದು, ಮದುವಿ ದಿನದಾಗ ಮದುಮಗಳಿಗೆ ಸಿಂಗಾರ ಮಾಡೋದು ನನ್ನ ಕೆಲಸ. ಹಳೇ ತಮಿಳು ಸಿನಿಮಾದ ನಾಯಕಿ ಒಬ್ಬಾಕಿ ಫೋಟೋ ಎಲ್ಲಾರ ಮೊಬೈಲಿನ್ಯಾಗ ಓಡ್ಯಾಡಾಕ ಹತ್ತಿದಾಗಿಂದ ನನ್ನ ನೆಮ್ಮದಿ ಹಾಳಾಗಿ ಹೋಗೇತಿ. ಉಬ್ಬಿದ ತೋಳು, ಗೋಪುರದಂಥ ತುರುಬು, ಕಿವಿತನಕ ಬಾಲ ಎಳೆದ ಕಾಡಿಗಿ. ಫೋಟೋ ತೋರಿಸಿ "ಹಿಂಗ ಮಾಡ್ರಿ" ಅಂತಾರ. ಮಾಡ್ತೇನಿ. ಆಮ್ಯಾಲೆ ಬೈಸಿಕೋತೇನಿ.

ತೋಳು

ತಾಂಬಾದ ಸಾಲಿ ಅಕ್ಕೋರು ಒಬ್ಬರು "ತೋಳು ಪುಗ್ಗಾದಂಗ ಉಬ್ಬಬೇಕ್ರಿ" ಅಂದ್ರು. ಒಳಗ ಬಿರುಸು ಬಟ್ಟಿ ಇಟ್ಟು, ಎರಡು ಸಲ ಬಿಚ್ಚಿ ಹೊಲಿದು ಕೊಟ್ಟೆ. ಮುಂದಿನ ರವಿವಾರ ಅದನ್ನ ಹಾಕ್ಕೊಂಡ ಬಂದ್ರು. ಬಲಗಡಿ ತೋಳು ಸೆಟೆದು ನಿಂತೇತಿ, ಎಡಗಡೀದು ತಣ್ಣಗಾದ ಪೂರಿಯಂಗ ಮಲಗೇತಿ.

"ಇದೇನಾತ್ರಿ ಅಕ್ಕೋರ?"

"ಬಸ್ಸಿನ್ಯಾಗ ಬಾಜೂಕ ಒಬ್ಬಾಕಿ ಮುದುಕಿ ಕುಂತಿದ್ಲು. ಇದರ ಮ್ಯಾಲೆ ತಲಿ ಇಟ್ಟಾಕಿ ಸಿಂದಗಿ ಬರೂತನ ಏಳಲಿಲ್ಲ. ಇಳಿಯುಮುಂದ, 'ದಿಂಬು ಭಾಳ ಮೆತ್ತಗ ಐತಿ, ಎಲ್ಲಿ ತಗೊಂಡಿ ಯವ್ವಾ?' ಅಂತ ಕೇಳಿದ್ಲು!"

ಬಣ್ಣ

ಮುದ್ದೇಬಿಹಾಳದ ಕಿರಾಣಿ ಸಾವುಕಾರರ ಹೆಂಡತಿ ಅದ ಫೋಟೋ ತಂದು, "ಸೀರಿ, ಜಂಪರ ಎರಡೂ ಇದ ಬಣ್ಣದ್ದು ಬೇಕು" ಅಂದ್ರು.

"ಅಕ್ಕಾರ, ಇದು ಕಪ್ಪು-ಬಿಳಿ ಫೋಟೋ ಐತ್ರಿ. ಖರೇ ಬಣ್ಣ ಯಾವುದೋ ಏನೋ."

"ನಿಮಗ ಬರೂದಿಲ್ಲಂದ್ರ ಹೇಳ್ರಿ, ಬ್ಯಾರೇದವರ ಕಡೆ ಹೊಲಿಸ್ತೇನಿ."

ಮುಗೀತು. ಬೂದಿ ಬಣ್ಣದ ಸೀರಿ, ಬೂದಿ ಬಣ್ಣದ ಜಂಪರ. ತವರಮನಿ ತೊಟ್ಟಿಲ ಕಾರ್ಯಕ್ಕ ಉಟ್ಟು ತಯಾರಾಗಿ ಗಂಡನ ಮುಂದ ನಿಂತ್ರಂತ. ಅಂವಾ ಪಾಪ, ಪ್ರೀತಿಲೇ ಹೇಳಿದ್ನಂತ: "ಹಿಟ್ಟಿನ ಗಿರಣಿಗೆ ಆಳು ಕಳಿಸಿದ್ರ ಆಗ್ತಿತ್ತಲ್ಲ? ಲಗೂನ ಸೀರಿ ಜಾಡಿಸ್ಕೊ, ಬಸ್ಸು ತಪ್ಪತೈತಿ."

ಗಂಡ ಆಡಿದ ಮಾತಿಗೂ ನಾನ ಬೈಸಿಕೊಂಡೆ.

ಕಾಡಿಗಿ

ಗೊಳಸಂಗಿ ಹುಡುಗಿ, ಬಸವನ ಬಾಗೇವಾಡಿಯೊಳಗ ಮದುವಿ. ಸುಡುಸುಡು ಬಿಸಲು. "ಕಾಡಿಗಿ ಬಾಲ ಕಿವಿ ಮುಟ್ಟಬೇಕು" ಅಂತ ಹಟ ಹಿಡಿದ್ಲು. ಬ್ಯಾಡವಾ ಅಂದೆ, ಕೇಳಲಿಲ್ಲ. ತುರುಬು ಏರಿಸಿ, ಮುಖಕ್ಕ ಬಿಳಿ ಬಳಿದು, ದಪ್ಪಗ ಬಾಲ ಎಳೆದೆ.

ಮಂಟಪದಾಗ ಕುಂತು ಸ್ವಲ್ಪ ಹೊತ್ತಿಗೆ ಬೆವರು ಒಡೀತು. ಕಣ್ಣಿಂದ ಗಲ್ಲದತನ ಕರೀ ನೀರು ಇಳೀತು. ಗಂಡಿನ ಸೋದರಮಾವ ದೊಡ್ಡ ಮನಸ್ಸಿನಾಂವ. ಎದ್ದು ನಿಂತು ಕೈ ಎತ್ತಿದ. "ನಿಂದರಸ್ರಿ! ಹುಡುಗಿ ಅಳಾಕತ್ತಾಳ. ಮನಸ್ಸಿಲ್ಲದಾಕಿ ಕೊರಳಿಗೆ ನಾವು ತಾಳಿ ಕಟ್ಟೂದಿಲ್ಲ!"

ವಾಲಗ ನಿಂತಿತು. "ಅಳಾಕತ್ತಿಲ್ರೀ, ಬೆವರ್ರೀ" ಅಂತ ಹುಡುಗಿ ಹೇಳಿದ್ರೂ ಯಾರೂ ನಂಬಲಿಲ್ಲ. "ಯಾರಿಗೂ ಅಂಜಬ್ಯಾಡ ತಂಗಿ, ಖರೇ ಹೇಳು" ಅಂದ ಸೋದರಮಾವ. ಆ ಸಿಟ್ಟಿಗೆ ಆಕಿ ಖರೇನ ಅಳಾಕ ಹತ್ತಿದ್ಲು. ಆಕಿ ಅತ್ತದ್ದು ನೋಡಿ ಆಕಿ ಅಪ್ಪನೂ ಅತ್ತ. ಒಂದು ಮದುವಿ ನನ್ನ ಕೈಯಾರೆ ಮುರೀತು ಅಂದ್ಕೊಂಡೆ.

ಹಸಿ ಅರಿವಿ ತಗೊಂಡು ಮಂಟಪಕ್ಕ ಓಡಿದೆ. ಎಲ್ಲಾರ ಎದುರಿಗೆ ಕಾಡಿಗಿ, ಬಿಳಿ ಎಲ್ಲಾ ತಿಕ್ಕಿ ಒರಸಿದೆ. "ನೋಡ್ರಿ ಯಪ್ಪಾ, ಬರೇ ಕಾಡಿಗಿ! ಹುಡುಗಿಗೆ ಮನಸ್ಸು ಐತಿ!"

ಎಲ್ಲಾರೂ ಮದುಮಗನ ಕಡೆ ನೋಡಿದ್ರು. ಅಂವಾ ಆಕಿ ಮುಖಾ ನೋಡಿ, ದೊಡ್ಡದೊಂದು ಉಸರು ಬಿಟ್ಟ.

"ಈಕೀನರೀ ಮಾವ ನಾ ಒಪ್ಪಿದಾಕಿ! ಇಷ್ಟೊತ್ತು ಯಾರನ್ನೋ ತಂದು ಕುಂದ್ರಿಸ್ಯಾರ, ಹಿರ್ಯಾರ ಮುಂದ ಹೆಂಗ ಕೇಳೂದು ಅಂತ ಸುಮ್ಮ ಕುಂತಿದ್ದೆ."