ಅರಿಶಿಣದ ಹಾಳೆಯ ಹಣೆ

ಮನೆಗೆ ಏನೇ ಹೊಸದು ಬರಲಿ, ಮೊದಲು ಅದರ ಹಣೆ ಎಲ್ಲಿದೆ ಎಂದು ಹುಡುಕುವುದು ನನ್ನ ಚಾಳಿ. ಹಣೆ ಸಿಕ್ಕಿತೆಂದರೆ ಮೂರು ಬೆರಳಿನಿಂದ ವಿಭೂತಿ ಎಳೆಯಲೇಬೇಕು. ಮಿಕ್ಸರಿಗೆ ಹಣೆ ಸುಲಭವಾಗಿ ಸಿಗುತ್ತದೆ, ಗ್ಯಾಸ್ ಸಿಲಿಂಡರಿಗೂ ಸಿಗುತ್ತದೆ. ಗೋಡೆಗೆ ಸಿಕ್ಕಿಸಿದ್ದ ಮೊಬೈಲ್ ಚಾರ್ಜರಿನ ಹಣೆ ಹುಡುಕುವಾಗ ಮಾತ್ರ ಸ್ವಲ್ಪ ತಡವರಿಸಿದ್ದೆ. ಅದನ್ನು ಕಂಡ ನಮ್ಮ ಮನೆಯವರು, "ಹಸಿ ಬೆರಳ ತಗಿ. ಇಲ್ಲಂದ್ರ ನಾವು ನಿನಗ ವಿಭೂತಿ ಹಚ್ಚಬೇಕಾಗತೈತಿ" ಎಂದಿದ್ದರು. ಅವರು ಏನೇ ಅನ್ನಲಿ, ಆ ಮಿಕ್ಸರ್ ಇಂದಿಗೂ ಕೈಕೊಟ್ಟಿಲ್ಲ. ಸಿಲಿಂಡರ್ ಮುಗಿದರೂ ಬೀಗರಿಗೆ ಚಹಾ ಕುದಿಸಿದ ಮೇಲೆಯೇ ಮುಗಿಯುತ್ತದೆ. ಇಂಥ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯದಿದ್ದರೆ ದೇವರಾದರೂ ಏನೆಂದುಕೊಂಡಾನು?

ನನ್ನ ವಿಭೂತಿ ಅಂಗಡಿಯದಲ್ಲ. ಹೂವಿನ ಹಿಪ್ಪರಗಿಯ ತವರಿನಿಂದ ಬರುತ್ತದೆ, ಆಕಳ ಕುಳ್ಳಿನ ಬೂದಿಯಲ್ಲಿ ನಮ್ಮವ್ವ ಕೈಯಾರೆ ಕಟ್ಟಿದ ಗಟ್ಟಿ. ಅದರ ಶಕ್ತಿಯ ಬಗ್ಗೆ ನನಗೆ ಎಂದೂ ಸಂಶಯವಿರಲಿಲ್ಲ. ಸಂಶಯವಿಲ್ಲದಿದ್ದದ್ದೇ ಈ ಸಲ ತೊಂದರೆಗೆ ಕಾರಣವಾಯಿತು.

ನನ್ನ ಮಗಳು ಗಿರಿಜಾ ಇಲ್ಲೇ ಬಾಗೇವಾಡಿಯಲ್ಲಿ ಎಂಟನೆಯ ತರಗತಿ. ಅವಳ ಧ್ವನಿ ಎಷ್ಟು ಸಣ್ಣದೆಂದರೆ, ಎದುರಿಗೇ ಕೂತು "ಹಾಜರ್ರಿ" ಎಂದರೂ ಕೇಳಿಸದೆ ಗೈರುಹಾಜರಿ ಬಿದ್ದದ್ದುಂಟು. ಈ ವರ್ಷ ಬಂದ ವಿಜ್ಞಾನದ ಟೀಚರು ತರಗತಿಗೆ ಬರುವುದೇ ಸಂತೆಗೆ ಹೊರಟವರ ಹಾಗೆ. ಚೀಲದ ತುಂಬ ಲಿಂಬೆಹಣ್ಣು, ಬಲೂನು, ಖಾಲಿ ಬಾಟಲಿ. ಅಲ್ಲಿ ಕಂಡದ್ದನ್ನು ಇವಳು ಮನೆಯಲ್ಲಿ ಮಾಡಿ ತೋರಿಸುತ್ತಾಳೆ. ಒಂದು ದಿನ ತುಂಬಿದ ಲೋಟದ ಬಾಯಿಗೆ ರಟ್ಟು ಮುಚ್ಚಿ ಬೋರಲು ಹಿಡಿದಳು. ರಟ್ಟು ಬೀಳಲಿಲ್ಲ, ಒಂದು ಹನಿ ನೀರೂ ಬೀಳಲಿಲ್ಲ. ನಾನು ನೋಡುತ್ತ ನಿಂತೆ, ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತ ಕೂತಿತು.

ಆ ಟೀಚರು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗಿರಿಜಾಳನ್ನೇ ಆರಿಸಿದರು. ಬಂದವರಿಗೆ ಪ್ರಯೋಗ ಮಾಡಿ ತೋರಿಸಬೇಕು, ಬಾಯಿಬಿಟ್ಟು ವಿವರಿಸಬೇಕು. ಅಂದು ಬಾಯಿ ಕಟ್ಟಿತೆಂದರೆ ಮತ್ತೆ ಯಾರೂ ತನ್ನನ್ನು ಕರೆಯುವುದಿಲ್ಲ ಎಂಬ ಹೆದರಿಕೆ ಅವಳಿಗೆ. ನನಗೆ ಅವಳಿಗಿಂತ ಹೆಚ್ಚು. ಅವಳು ಒಂದು ದೊಡ್ಡ ಬಿಳಿ ಹಾಳೆಗೆ ಅರಿಶಿಣ ಬಳಿದು, ಮಾಳಿಗೆಯ ಮೇಲೆ ಒಣಗಿಸಿ, ಪ್ರದರ್ಶನದ ದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದಳು. ಮಗಳ ಬಾಯಿ ಬಿಚ್ಚಲಿ ಎಂದು ಬೇಡಿಕೊಳ್ಳುತ್ತ ನಾನು ಹಾಳೆಯ ಹಣೆ ಹುಡುಕಿದೆ. ಸಿಕ್ಕಿತು. ಮೂರು ಬೆರಳು ಎಳೆದೆ.

ವಿಭೂತಿ ಬೂದುಬಿಳಿ, ಹಾಳೆ ಹಳದಿ. ಬಂದ ಗೆರೆಗಳು ಮಾತ್ರ ಕೆಂಪು.

ಮೈ ಜುಮ್ಮೆಂದಿತು. "ಅತ್ತೀ, ಲಗೂನ ಬರ್ರಿ" ಎಂದೆ. ಅತ್ತೆ ಬಂದರು, ನೋಡಿದರು, ಹಾಳೆಯನ್ನು ಎರಡೂ ಕೈಯಿಂದ ಎತ್ತಿ ದೇವರ ಜಗಲಿಯ ಮೇಲಿಟ್ಟರು. ಪಕ್ಕದ ಮನೆಯ ಕಾಶಕ್ಕ ಸಕ್ಕರೆ ಕೇಳಲು ಬಂದವಳು ಸಕ್ಕರೆ ಮರೆತು ತಮ್ಮ ಮನೆಯ ಹೂವು ಹರಿದು ತಂದಳು. ಅತ್ತೆ ಊದಿನಕಡ್ಡಿ ಹಚ್ಚಿದರು. ತಲೆ ಒರೆಸಿಕೊಳ್ಳುತ್ತ ಗಿರಿಜಾ ಬಂದಾಗ ಅವಳ ವಿಜ್ಞಾನಕ್ಕೆ ಮಂಗಳಾರತಿ ನಡೆದಿತ್ತು.

"ಆಯಿ, ಅದು ನನ್ನ ಹಾಳಿ. ಕೊಡು, ಸಾಲಿಗಿ ಹೊತ್ತಾತು" ಎಂದಳು ಅಜ್ಜಿಗೆ.

"ದೇವರು ಕುಂತಾನವಾ. ಎಬ್ಬಸಾಕ ಬರೂದಿಲ್ಲ."

"ದೇವರಲ್ಲ, ಅರಿಶಿಣ."

"ಬಾಯಾಗ ಹುಳಾ ಬೀಳತಾವ ನೋಡ."

ಗಿರಿಜಾ ನನ್ನತ್ತ ನೋಡಿದಳು. ನಾನು ಊದಿನಕಡ್ಡಿಯತ್ತ ನೋಡಿದೆ. ಅವಳು ಸೀದಾ ಹೋಗಿ ಲಿಂಬೆಹಣ್ಣು ಕೊಯ್ದು ತಂದು ಆ ಗೆರೆಗಳ ಮೇಲೆ ಹಿಂಡಿದಳು. ಕೆಂಪು ಹೋಯಿತು, ಹಳದಿ ಬಂತು.

"ದೇವರನ್ನ ಅಳಿಸಿದ್ಯಲ್ಲ" ಎಂದರು ಅತ್ತೆ. ಕಾಶಕ್ಕ ಕೈಯಲ್ಲಿದ್ದ ಹೂವನ್ನು ಎಲ್ಲಿ ಏರಿಸಬೇಕೆಂದು ತಿಳಿಯದೆ ತಾನೇ ಮುಡಿದುಕೊಂಡಳು.

"ಆಯಿ, ನಿನ್ನ ಚಂಚ್ಯಾಗಿನ ಸುಣ್ಣಾ ತಗಿ. ನೀನ ಹಚ್ಚು."

ಅತ್ತೆ ಎಲೆಅಡಿಕೆಯ ಚಂಚಿಯಿಂದ ಸುಣ್ಣ ತೆಗೆದು ಹೆದರುತ್ತ ಬೆರಳು ಒತ್ತಿದರು. ಅಚ್ಚ ಕೆಂಪು ಬೊಟ್ಟು ಮೂಡಿತು. ಲಿಂಬೆ ಹಿಂಡಿದರು, ಹೋಯಿತು. ಮತ್ತೆ ಸುಣ್ಣ, ಮತ್ತೆ ಲಿಂಬೆ. ಮುಖ ಚಿಕ್ಕ ಹುಡುಗಿಯದಾಯಿತು. "ಯಾಕ ಹಿಂಗಾಗತೈತಿ?" ಎಂದರು.

"ಸುಣ್ಣಾ, ಸಾಬೂನು, ಬೂದಿ, ಇವೆಲ್ಲಾ ಕ್ಷಾರ. ಅರಿಶಿಣಕ್ಕ ಕ್ಷಾರ ಕೂಡಿದ್ರ ಬಣ್ಣಾ ಬದಲಾಗತೈತಿ. ಲಿಂಬಿ ಆಮ್ಲ, ಅದು ಹೊಳ್ಳಿ ಹಳದಿ ಮಾಡತೈತಿ. ಅವ್ವಾ, ಆರತಿಗೆ ಓಕುಳಿ ಕಲಸೂದು ನೀನ ಅಲ್ಲೇನು?"

ನಾನು ಅಲ್ಲೇ ಕೂತೆ. ಹೌದಲ್ಲ, ಅರಿಶಿಣದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡಿ ಎಷ್ಟು ಮದುಮಕ್ಕಳಿಗೆ, ಎಷ್ಟು ಬಾಣಂತಿಯರಿಗೆ ನಿವಾಳಿಸಿದ್ದೇನೆ. ಅರಿಶಿಣದ ಕಲೆಗೆ ಸಾಬೂನು ತಾಗಿ ಸೀರೆ ಕೆಂಪಾದಾಗಲೆಲ್ಲ ಸಾಬೂನು ಮಾರಿದವನನ್ನು ಬೈದಿದ್ದೇನೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ದೇವರು ಜಗಲಿಯ ಮೇಲಿದ್ದಾನೆಂದು ಗೊತ್ತಿತ್ತು. ಸಾಸಿವೆಯ ಪಕ್ಕದ ಅರಿಶಿಣದ ಡಬ್ಬಿಯಲ್ಲಿ ಇಷ್ಟೆಲ್ಲ ಕೆಲಸ ನಡೆಸಿದ್ದಾನೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಾಳೆ ತೊಯ್ದು ಹರಿದಿತ್ತು. ಗಿರಿಜಾಳ ಕಣ್ಣು ತುಂಬಿತು. ಆಗ ನೋಡಬೇಕಿತ್ತು ನಮ್ಮನ್ನು. ಕಾಶಕ್ಕ ತಮ್ಮ ಮನೆಯ ಕ್ಯಾಲೆಂಡರಿನ ಹಳೆಯ ತಿಂಗಳುಗಳನ್ನೆಲ್ಲ ಕಿತ್ತು ತಂದಳು, ಅತ್ತೆ ಅರಿಶಿಣ ಕಲಸಿದರು, ನಾನು ಹಾಳೆಗಳ ಬೆನ್ನಿಗೆ ಬಳಿದು ರೊಟ್ಟಿಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿದೆ. ಒಂದೇ ಹಾಳೆ ಸುಟ್ಟಿತು. ಅದೂ ದೇವರ ದಯೆ. ಗಿರಿಜಾ ಹಾಳೆಗಳ ಜೊತೆ ಸಾಬೂನು, ಸುಣ್ಣ, ಲಿಂಬೆ ತುಂಬಿಕೊಂಡು, ನನ್ನ ವಿಭೂತಿಯ ಗಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಓಡಿದಳು.

ಮಧ್ಯಾಹ್ನ ನಾನು ಶಾಲೆಗೆ ಹೋದೆ. ಅವಳ ಮೇಜಿನ ಮುಂದೆ ಜನ ನಿಂತಿದ್ದರು, ಅವಳು ನೆಲ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಮನಗೂಳಿಯಿಂದ ಬಂದ ಯಾರೋ ಹಿರಿಯರು, "ಮುಂದ ನಡೀರಿ, ಇಲ್ಲೇನೂ ಇಲ್ಲ" ಎಂದರು. ನಾನು ಏನೂ ತೋಚದೆ ನುಗ್ಗಿ ಹೋಗಿ, ಬೆರಳು ಹಸಿ ಮಾಡಿಕೊಂಡು ಹಾಳೆಯ ಹಣೆಗೆ ವಿಭೂತಿ ಎಳೆದೆ. ಕೆಂಪಾಯಿತು. ಕಾರಣ ಗೊತ್ತಿದ್ದರೂ ಕೈಗಳು ತಾವಾಗಿಯೇ ಮುಗಿದವು. ನನ್ನನ್ನು ಕಂಡು ಆ ಹಿರಿಯರೂ ಕೈ ಮುಗಿದರು. ಅವರನ್ನು ಕಂಡು ಹಿಂದಿನ ಸಾಲೆಲ್ಲ ಕೈ ಮುಗಿಯಿತು. ಅದೂ ಪ್ರಯೋಗದ ಒಂದು ಭಾಗವೆಂದು ತಿಳಿದ ಮುಖ್ಯ ಗುರುಗಳೂ ಕೈ ಮುಗಿದರು.

"ಕೈ ಮುಗೀಬ್ಯಾಡ್ರಿ. ಯಾಕ ಅಂತ ಕೇಳ್ರಿ."

ಯಾರ ಧ್ವನಿ ಎಂದು ನಾನೇ ತಿರುಗಿ ನೋಡಿದೆ. ಗಿರಿಜಾ ನನ್ನ ಮೇಲೆ ಸಿಟ್ಟಿಗೆದ್ದಿದ್ದಳು. ಆ ಸಿಟ್ಟಿನ ಭರದಲ್ಲೇ ಸುಣ್ಣ ಹಚ್ಚಿದಳು, ಲಿಂಬೆ ಹಿಂಡಿದಳು, ಕ್ಷಾರ ಆಮ್ಲ ಎಲ್ಲ ಹೇಳಿದಳು. ಹಿರಿಯರು "ಯಾಕವಾ?" ಎಂದು ಕೇಳಿದಷ್ಟೂ ಹೇಳಿದಳು. ಪಕ್ಕದ ಕೋಣೆಯವರೂ ಬಂದು ನಿಂತರು. ಟೀಚರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಕೊನೆಗೆ ಅವಳು ನನ್ನತ್ತ ತಿರುಗಿ, "ನಿಮ್ಮದು ನೋಡೂದು ಆತಿಲ್ರಿ? ಹಿಂದಿನವರಿಗೆ ಜಾಗಾ ಬಿಡ್ರಿ" ಎಂದಳು. ಹೆತ್ತವಳಿಗೇ 'ರಿ' ಹಚ್ಚಿದಳು. ನಾನು ತೆಪ್ಪಗೆ ಸರಿದು ಗೋಡೆಗೆ ಆತು ನಿಂತೆ. ಅವಳಿಗೆ ಕಾಣಬಾರದೆಂದು ಸೆರಗು ಹೊದ್ದುಕೊಂಡೆ. ಅದರೊಳಗೆ ಕೈಗಳು ಮುಗಿದೇ ಇದ್ದವು.